ಡೀಸೆಲ್ ಕುಡಿದ ಮಣ್ಣಿಗೆ ಮದ್ದು: ಗಾಳಿ, ಗೊಬ್ಬರ, ತಾಳ್ಮೆ

ಪೆಟ್ರೋಲ್ ಬಂಕ್, ಲಾರಿ ಯಾರ್ಡ್, ಕಲ್ಲು ಕ್ರಷರ್, ಹಳೇ ಜನರೇಟರ್ ಶೆಡ್. ಇಂಥವುಗಳ ಪಕ್ಕ ಜಮೀನು ಇರೋ ರೈತರಿಗೆ ಈ ವಾರದ ಲೇಖನ. ನೆಲದೊಳಗೆ ಹೂತಿಟ್ಟ ಇಂಧನದ ಟ್ಯಾಂಕು ತುಕ್ಕು ಹಿಡಿದು ಸೋರಿದರೆ ಮೇಲೆ ಏನೂ ಕಾಣೋದಿಲ್ಲ. ದಿನಕ್ಕೆ ಒಂದೆರಡು ಲೀಟರ್ ಹೋದರೂ ಮಾಲೀಕರಿಗೇ ಗೊತ್ತಾಗದೆ ವರ್ಷಗಟ್ಟಲೆ ಹೋಗ್ತಿರುತ್ತೆ. ಅಮೆರಿಕದಲ್ಲಿ 1984ರಲ್ಲಿ ಇದಕ್ಕೆಂದೇ ಕಾನೂನು ತಂದರು. ಆಮೇಲೆ ಲೆಕ್ಕ ಹಾಕುತ್ತಾ ಹೋದಾಗ ಅಲ್ಲಿ ಸಿಕ್ಕ ಸೋರಿಕೆಗಳು 5 ಲಕ್ಷಕ್ಕೂ ಹೆಚ್ಚು. ನಮ್ಮ ಹತ್ತಿರದ್ದೇ ಬೇಕು ಅಂದ್ರೆ 2013ರಲ್ಲಿ ಉತ್ತರ ಚೆನ್ನೈನ ತಂಡಯಾರ್‌ಪೇಟೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಸೋರಿದ್ದು ಟ್ಯಾಂಕಲ್ಲ, ನೆಲದಡಿಯ ಇಂಧನ ಪೈಪು. ಜನರ ಬೋರ್‌ವೆಲ್‌ಗಳಲ್ಲಿ ನೀರಿನ ಜೊತೆ ಎಣ್ಣೆ ಬಂತು.

ನಮ್ಮ ಪಕ್ಕದೂರಿನ ಹಿರಿಯ ರೈತರೊಬ್ಬರ ತೆಂಗಿನ ತೋಟಕ್ಕೆ ಅಂಟಿಕೊಂಡು ಒಂದು ಲಾರಿ ಯಾರ್ಡ್ ಇದೆ. ಅವರ ಬದುವಿನ ಪಕ್ಕದ ನಾಲ್ಕು ಸಾಲು ತರಕಾರಿ ಹಳದಿಯಾಗಿ ಒಣಗಿತು. ಅಗೆದರೆ ಮಣ್ಣು ಕಪ್ಪು, ವಾಸನೆ ಡೀಸೆಲ್‌ದೇ. ಯಾರ್ಡಿನವರು ರಾಜಿಗೆ ಬಂದರು. ಅಣ್ಣ ನನಗೆ ಫೋನ್ ಮಾಡಿ, "ತಮ್ಮಾ, ಎರಡು ಲೋಡು ಕೆಂಪು ಮಣ್ಣು ಹೊಡಿಸ್ಕೊಡ್ತೀವಿ ಅಂತವ್ರೆ. ಒಪ್ಕೊಂಬುಡ್ಲಾ?" ಅಂದರು.

ಬೇಡ ಅಂದೆ. ಮೇಲೆ ಹೊಸ ಮಣ್ಣು ಸುರಿದರೆ ಕೆಳಗಿನ ಡೀಸೆಲ್‌ಗೆ ಗಾಳಿ ಸಿಗೋದು ನಿಂತುಹೋಗುತ್ತೆ. ಗಾಳಿ ಇಲ್ಲದ ಕಡೆ ಡೀಸೆಲ್ ಕರಗೋಕೆ ಎಷ್ಟೋ ವರ್ಷ ಹಿಡಿಯುತ್ತೆ. ಅಷ್ಟರಲ್ಲಿ ಅದು ಇಳಿದು ನೀರು ಸೇರುತ್ತೆ. ರೋಗ ಮುಚ್ಚಿ ಬಟ್ಟೆ ಕಟ್ಟಿದ ಹಾಗೆ ಅದು.

ಮೊದಲು ಬಾವಿ, ಆಮೇಲೆ ಮಣ್ಣು

ಡೀಸೆಲ್ ನೀರಿಗಿಂತ ಹಗುರ, ಮೇಲೆ ತೇಲುತ್ತೆ. ಪೆಟ್ರೋಲ್‌ನಲ್ಲಿರೋ ಬೆಂಜೀನ್ ಹಾಗಲ್ಲ, ನೀರಲ್ಲಿ ಕರಗುತ್ತೆ. ಅದು ಕ್ಯಾನ್ಸರ್ ತರುವ ವಸ್ತು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳಿರೋ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದ್ರೆ ಒಂದೇ ಗ್ರಾಂ ಬೆಂಜೀನ್ 1 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸುತ್ತೆ. ಹಾಗಾಗಿ ಅನುಮಾನ ಬಂದ ದಿನವೇ ಆ ಬಾವಿ, ಬೋರ್‌ವೆಲ್ ನೀರನ್ನು ಮನೆಗೆ, ದನಗಳಿಗೆ, ತರಕಾರಿಗೆ ಬಳಸೋದು ನಿಲ್ಲಿಸಿ.

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಒಂದು ಕಡ್ಡಿಯಿಂದ ಅಲ್ಲಾಡಿಸಿ. ಪೊರೆ ಚೂರುಚೂರಾಗಿ ಒಡೆದು ಹಾಗೇ ನಿಂತರೆ ಅದು ಸಾಮಾನ್ಯವಾಗಿ ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪೊರೆ. ಒಡೆದ ಕೂಡಲೇ ಮತ್ತೆ ಕೂಡಿಕೊಂಡರೆ ಎಣ್ಣೆ. ಇದು ಅಂದಾಜಿಗೆ ಮಾತ್ರ, ಲ್ಯಾಬ್ ಪರೀಕ್ಷೆಗೆ ಬದಲಿ ಅಲ್ಲ.

ಬಾವಿಯಿಂದ ಪೆಟ್ರೋಲ್ ವಾಸನೆ ಬಂದರೆ ಮೋಟಾರ್ ಆನ್ ಮಾಡ್ಬೇಡಿ, ಒಂದು ಕಿಡಿ ಸಾಕು ಹೊತ್ತಿಕೊಳ್ಳೋಕೆ. ಯಾರನ್ನೂ ಒಳಗೆ ಇಳಿಸ್ಬೇಡಿ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಏನು ಸೋರಿದೆ, ಎಷ್ಟು ಸೋರಿದೆ?

ಮಣ್ಣು ಪರೀಕ್ಷೆ ಅಂದ್ರೆ ನಮಗೆ ಸಾರಜನಕ, ರಂಜಕ, ಪೊಟ್ಯಾಷ್. ಇಲ್ಲಿ ಬೇಕಾದ್ದು ಬೇರೆ. ಎನ್‌ಎಬಿಎಲ್ ಮಾನ್ಯತೆ ಇರೋ ಪರಿಸರ ಲ್ಯಾಬ್‌ಗೆ ಹೋಗಿ ಟಿಪಿಎಚ್ ಕೇಳಿ. ಮಣ್ಣಲ್ಲಿ ಒಟ್ಟು ಪೆಟ್ರೋಲಿಯಂ ಎಷ್ಟಿದೆ ಅಂತ ಅದು ಹೇಳುತ್ತೆ. ಜೊತೆಗೆ ಬಿಟೆಕ್ಸ್ ಕೇಳಿ, ಅದರಲ್ಲಿ ಬೆಂಜೀನ್ ಮತ್ತು ಅದರ ಬಳಗ ಬರುತ್ತೆ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿದ್ದು 2000ದಲ್ಲಿ. ಟ್ಯಾಂಕ್ ಅದಕ್ಕಿಂತ ಹಳೇದಾದರೆ ಸೀಸವನ್ನೂ ನೋಡಿಸಿ.

ಮಾದರಿಯನ್ನು ಮೇಲ್ಮಣ್ಣು, ಒಂದಡಿ, ಮೂರಡಿ ಆಳದಿಂದ ಬೇರೆಬೇರೆಯಾಗಿ ತೆಗೀರಿ. ಸೋರಿಕೆ ಇಲ್ಲದ ದೂರದ ಮೂಲೆಯಿಂದಲೂ ಒಂದು ತೆಗೀರಿ, ಹೋಲಿಸೋಕೆ ಬೇಕು. ಪ್ಲಾಸ್ಟಿಕ್ ಕವರ್ ಬೇಡ, ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಕಂಠದ ತನಕ ತುಂಬಿ ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ತಡವಾದರೆ ಹಗುರ ಅಂಶ ಹಾರಿಹೋಗಿ ವರದಿ ಕಡಿಮೆ ತೋರಿಸುತ್ತೆ.

ಪೆಟ್ರೋಲ್ ಸೋರಿದ್ದರೆ ಮುಂದೆ ಹೇಳೋ ಕೆಲಸಕ್ಕೆ ನೀವೇ ಇಳೀಬೇಡಿ. ಅಗೆದಷ್ಟೂ ಬೆಂಜೀನ್ ನಿಮ್ಮ ಶ್ವಾಸಕೋಶಕ್ಕೆ ಹೋಗುತ್ತೆ, ಬೆಂಕಿಯ ಭಯವೂ ಇದೆ. ಹಳೇ ಎಂಜಿನ್ ಆಯಿಲ್ ಆದರೂ ತೊಂದರೆ, ಅದರಲ್ಲಿರೋ ಲೋಹಗಳನ್ನು ಯಾವ ಸೂಕ್ಷ್ಮಜೀವಿಯೂ ತಿಂದು ಮುಗಿಸೋದಿಲ್ಲ. ರೈತರ ಕೈಗೆ ಸಿಗೋದು ಮೇಲ್ಪದರದ ಡೀಸೆಲ್, ಸೀಮೆಎಣ್ಣೆ ಮಾತ್ರ.

ಡೀಸೆಲ್ ತಿನ್ನೋರು ಮಣ್ಣಲ್ಲೇ ಇದ್ದಾರೆ

ತೋಟಗಾರಿಕೆ ಓದುವಾಗ ಕಲಿತ ಇಂಗಾಲ-ಸಾರಜನಕದ ಲೆಕ್ಕ ಇಲ್ಲಿಗೂ ಹೊಂದುತ್ತೆ. ಹಸಿ ಮರದ ಪುಡಿಯನ್ನು ಹಾಗೇ ಗಿಡದ ಬುಡಕ್ಕೆ ಹಾಕಿದರೆ ಎಲೆ ಹಳದಿಯಾಗುತ್ತಲ್ಲ, ಯಾಕೆ? ಪುಡಿಯಲ್ಲಿ ಬರೀ ಇಂಗಾಲ. ಅದನ್ನು ತಿನ್ನೋ ಸೂಕ್ಷ್ಮಜೀವಿಗಳು ಸಾರಜನಕವನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಡೀಸೆಲ್ ಅದರ ಅಪ್ಪ. ತೂಕದಲ್ಲಿ ಸುಮಾರು 86 ಭಾಗ ಇಂಗಾಲ, ಉಳಿದದ್ದು ಹೆಚ್ಚುಕಡಿಮೆ ಜಲಜನಕ, ಸಾರಜನಕ ಇಲ್ಲವೇ ಇಲ್ಲ ಅನ್ನಬಹುದು. ತಿನ್ನೋ ಬ್ಯಾಕ್ಟೀರಿಯಾ ಬಹುತೇಕ ಎಲ್ಲ ಮಣ್ಣಲ್ಲೂ ಇವೆ. ಅವಕ್ಕೆ ಕೊರತೆ ಇರೋದು ಸಾರಜನಕ, ರಂಜಕ, ಗಾಳಿ, ತೇವ.

1989ರಲ್ಲಿ ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಒಡೆದು ಕಚ್ಚಾ ತೈಲ ದಡಕ್ಕೆ ಬಡಿದಾಗ ಇದೇ ಮಾಡಿದರು. ಸಾರಜನಕ, ರಂಜಕದ ಗೊಬ್ಬರ ಹಾಕಿದರು, ಅಲ್ಲಿದ್ದ ಬ್ಯಾಕ್ಟೀರಿಯಾಗಳೇ ತೈಲ ಕರಗಿಸೋದು ಚುರುಕಾಯಿತು. ನಮ್ಮ ದೇಶದ ಟೆರಿ ಸಂಸ್ಥೆ ರೂಪಿಸಿದ ಆಯಿಲ್‌ಝ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣವೂ ಇದೆ, ತೈಲ ಘಟಕಗಳ ದಪ್ಪ ಗಸಿಗೆ ಅದನ್ನು ಬಳಸಿದ್ದಾರೆ. ಆದರೆ ನಿಮ್ಮ ಜಮೀನಿನ ಸ್ವಲ್ಪ ಡೀಸೆಲ್‌ಗೆ, "ಈ ಪುಡಿ ಎರಚಿ, ವಾರದಲ್ಲಿ ಸರಿ" ಅಂತ ಬರೋರಿಗೆ ದುಡ್ಡು ಕೊಡ್ಬೇಡಿ. ಗಾಳಿ, ಗೊಬ್ಬರ ಇಲ್ಲದೆ ಯಾವ ಪುಡಿಯೂ ಕೆಲಸ ಮಾಡೋದಿಲ್ಲ.

ಲೆಕ್ಕ ಹೀಗೆ

ಲೆಕ್ಕಕ್ಕೆ 10 ಟನ್ ಮಣ್ಣು, ಅದರಲ್ಲಿ ಕೆ.ಜಿ.ಗೆ 5,000 ಮಿಲಿಗ್ರಾಂ ಡೀಸೆಲ್ ಇದೆ ಅಂದುಕೊಳ್ಳಿ. ಒಟ್ಟು 50 ಕೆ.ಜಿ. ಡೀಸೆಲ್, ಅಂದ್ರೆ ಸುಮಾರು 60 ಲೀಟರ್. ಅದರಲ್ಲಿ ಇಂಗಾಲ 43 ಕೆ.ಜಿ. 100 ಭಾಗ ಇಂಗಾಲಕ್ಕೆ 10 ಭಾಗ ಸಾರಜನಕ, 1 ಭಾಗ ರಂಜಕ ಅನ್ನೋದು ಬಳಕೆಯಲ್ಲಿರೋ ಪ್ರಮಾಣ. ಹಾಗಾದ್ರೆ ಬೇಕಾದ ಸಾರಜನಕ 4.3 ಕೆ.ಜಿ. ಶೇಕಡ 7ರಷ್ಟು ಸಾರಜನಕ ಇರೋ ಕಡಲೆಕಾಯಿ ಹಿಂಡಿಯಾದರೆ ಸುಮಾರು 60 ಕೆ.ಜಿ. ಸಾಕು, ರಂಜಕವೂ ಅದರಲ್ಲೇ ಬರುತ್ತೆ. ಯೂರಿಯಾ ಆದರೆ 9 ಕೆ.ಜಿ.ಗೆ ಸ್ವಲ್ಪ ಹೆಚ್ಚು, ರಂಜಕ ಬೇರೆ ಕೊಡಬೇಕು. ನಾನು ಸಾವಯವದವನು, ಹಿಂಡಿ ಹಾಕಿಸಿದೆ. ಪ್ರಮಾಣೀಕೃತ ಜಮೀನಲ್ಲದಿದ್ದರೆ ಯೂರಿಯಾನೂ ನಡೆಯುತ್ತೆ. ಯಾವುದೇ ಆಗಲಿ ಒಟ್ಟಿಗೆ ಸುರೀಬೇಡಿ, ತಿಂಗಳಿಗೊಂದರಂತೆ ನಾಲ್ಕು ಕಂತು ಮಾಡಿ.

ಗಾಳಿಯ ಲೆಕ್ಕ ಇನ್ನೂ ದೊಡ್ಡದು. 1 ಕೆ.ಜಿ. ಡೀಸೆಲ್ ಕರಗಲು ಸುಮಾರು 3.5 ಕೆ.ಜಿ. ಆಮ್ಲಜನಕ ಬೇಕು. 50 ಕೆ.ಜಿ.ಗೆ 175 ಕೆ.ಜಿ. ಅಷ್ಟು ಆಮ್ಲಜನಕ 600 ಘನ ಮೀಟರ್‌ಗೂ ಹೆಚ್ಚು ಗಾಳಿಯಲ್ಲಿರುತ್ತೆ. ಮಣ್ಣನ್ನು ತಿರುವಿಹಾಕೋದು ಅದಕ್ಕೇ.

ಮಡಿ ಮಾಡುವ ಕ್ರಮ

ಮೊದಲು ಟ್ಯಾಂಕ್ ಖಾಲಿ ಮಾಡಿಸಿ ಸೋರಿಕೆ ನಿಲ್ಲಿಸಿ. ಅದು ನಿಲ್ಲದೆ ಮಾಡಿದ್ದೆಲ್ಲ ವ್ಯರ್ಥ. ನಮ್ಮ ಕಡೆ ಮಳೆ ಕಡಿಮೆಯಾಗೋ ದೀಪಾವಳಿ ಹೊತ್ತಿಗೆ ಶುರುಮಾಡಿದರೆ ಒಳ್ಳೇದು.

ಬಾವಿ, ಹಳ್ಳದಿಂದ ದೂರ, ಎತ್ತರದ ಜಾಗದಲ್ಲಿ ದಪ್ಪ ಸಿಲ್ಪಾಲಿನ್ ಹಾಳೆ ಹಾಸಿ, ಸುತ್ತ ಒಂದಡಿ ಬದು ಕಟ್ಟಿ. ಅಗೆದ ಮಣ್ಣನ್ನು ಅದರ ಮೇಲೆ ಒಂದಡಿ ದಪ್ಪಕ್ಕೆ ಹರಡಿ. 10 ಟನ್‌ಗೆ ಕಾಲು ಗುಂಟೆಯಷ್ಟು ಜಾಗ ಸಾಕು. ಜಿಗುಟು ಮಣ್ಣಾದರೆ ಹಳೇ ಕೊಟ್ಟಿಗೆ ಗೊಬ್ಬರ, ಕತ್ತರಿಸಿದ ಹುಲ್ಲು ಬೆರೆಸಿ ಸಡಿಲ ಮಾಡಿ. ಹಿಂಡಿಯ ಮೊದಲ ಕಂತು ಹಾಕಿ ಪವರ್ ಟಿಲ್ಲರ್ ಅಥವಾ ಗುದ್ದಲಿಯಿಂದ ಕಲಸಿ. ಆಮೇಲೆ ವಾರಕ್ಕೊಮ್ಮೆ ತಿರುವಿ.

ತೇವ ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಡೀಸೆಲ್ ಮಣ್ಣು ಮೊದಮೊದಲು ನೀರನ್ನೇ ಒಳಗೆ ಬಿಡೋದಿಲ್ಲ, ಹನಿ ಮೇಲೇ ನಿಲ್ಲುತ್ತೆ. ಸ್ವಲ್ಪ ಸ್ವಲ್ಪ ಚಿಮುಕಿಸಿ ಕಲಸಿ. ಮಳೆ ಬಂದರೆ ಟಾರ್ಪಾಲ್ ಮುಚ್ಚಿ. ರಸಸಾರ 6ರಿಂದ 8ರೊಳಗಿರಲಿ. ಗ್ಲೌಸ್, ಗಂಬೂಟ್, ಮುಖಗವಸು ಬೇಕೇ ಬೇಕು. ಹತ್ತಿರ ಬೀಡಿ ಹಚ್ಚೋದು ಬೇಡ, ಮಕ್ಕಳು, ಕೋಳಿ, ದನ ಅತ್ತ ಹೋಗೋದು ಬೇಡ.

ಟಿಪಿಎಚ್ ಕೆ.ಜಿ.ಗೆ 50,000 ಮಿಲಿಗ್ರಾಂ ದಾಟಿದ್ದರೆ ಈ ಪದ್ಧತಿ ಹಿಡಿಯೋದಿಲ್ಲ, ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಅದಕ್ಕಿಂತ ಕಡಿಮೆ ಇದ್ದು ಎಲ್ಲ ಸರಿ ಹೋದರೆ 6 ತಿಂಗಳಿಂದ 2 ವರ್ಷ.

ಮಾಡಬಾರದ್ದು ಮೂರು: ಬೆಂಕಿ ಹಚ್ಚೋದು, ಸೋಪಿನ ನೀರು ಬಿಟ್ಟು ತೊಳೆಯೋದು, ರಾತ್ರೋರಾತ್ರಿ ಹಳ್ಳಕ್ಕೆ ಸುರಿಯೋದು. ಸೋಪು ಡೀಸೆಲನ್ನು ಇಲ್ಲವಾಗಿಸೋದಿಲ್ಲ, ಬಾವಿ ಕಡೆಗೆ ತಳ್ಳುತ್ತೆ.

ಗುಣವಾಯಿತು ಅಂತ ಗೊತ್ತಾಗೋದು ಹೇಗೆ?

ಮೂಗನ್ನು ನಂಬಬೇಡಿ, ಹಗುರ ಅಂಶ ಹೋದ ಮೇಲೂ ಭಾರದ್ದು ಉಳಿದಿರುತ್ತೆ. ಎರಡು ಕುಂಡದಲ್ಲಿ ಒಳ್ಳೇ ಮಣ್ಣು, ಮಡಿಯ ಮಣ್ಣು ತುಂಬಿ 20-20 ಮೂಲಂಗಿ ಬೀಜ ಹಾಕಿ, ಮೊಳಕೆ ಎಣಿಸಿ. ಎರಡರಲ್ಲೂ 10-10 ಎರೆಹುಳು ಬಿಟ್ಟು 14 ದಿನ ನೋಡಿ. ಇವೆರಡೂ ವಿಜ್ಞಾನಿಗಳೂ ಬಳಸೋ ಪರೀಕ್ಷೆಗಳೇ. ಎರಡೂ ಪಾಸಾದ ಮೇಲೆ ಲ್ಯಾಬ್‌ಗೆ ಕಳಿಸಿದರೆ ದುಡ್ಡು ಉಳಿಯುತ್ತೆ. ವರದಿ ಸರಿಬಂದ ಮೇಲೂ ಮೊದಲ ವರ್ಷ ತಿನ್ನೋ ಬೆಳೆ, ಮೇವು ಬೇಡ. ಲಾವಂಚ ಹಾಕಿ, ಅದರ ದಟ್ಟ ಬೇರಿನ ಸುತ್ತ ಸೂಕ್ಷ್ಮಜೀವಿಗಳು ಚೆನ್ನಾಗಿ ಬೆಳೆಯುತ್ತವೆ.

ಪಕ್ಕದೂರಿನ ಅಣ್ಣನ ಮಡಿಯಲ್ಲಿ ಎರಡನೇ ವರ್ಷ ಮೂಲಂಗಿ ಮೊಳಕೆ ಒಳ್ಳೇ ಮಣ್ಣಿಗೆ ಸಮಕ್ಕೆ ಬಂತು. ಆದರೆ ಬದುವಿನ ಕೆಳಗೆ ಎಂಟಡಿ ಆಳದ ಡೀಸೆಲ್ ಹಾಗೇ ಇದೆ. ಅಲ್ಲಿಗೆ ಗುದ್ದಲಿ ಮುಟ್ಟೋದಿಲ್ಲ. ಕೊಳವೆ ಇಳಿಸಿ ಗಾಳಿ ಊದಬೇಕು, ತೇಲೋ ಎಣ್ಣೆ ಎತ್ತಬೇಕು. ಅದು ಪರಿಣತರ ಕೆಲಸ, ಖರ್ಚು ಸೋರಿಸಿದವರದ್ದು.

ಖರ್ಚು ಯಾರದ್ದು?

ಹಾಳು ಮಾಡಿದವರೇ ತೆರಬೇಕು ಅನ್ನೋದು ನಮ್ಮ ಕಾನೂನಲ್ಲೇ ಇದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ ಪ್ರಕಾರ ಪರಿಹಾರಕ್ಕೆ, ಜಮೀನು ಸರಿಪಡಿಸೋಕೆ 5 ವರ್ಷದೊಳಗೆ ಅರ್ಜಿ ಹಾಕಬೇಕು. ಕರ್ನಾಟಕ ಬರೋದು ಚೆನ್ನೈ ಪೀಠಕ್ಕೆ. ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೀರಿ. ಪೆಟ್ರೋಲ್ ಬಂಕ್ ಆದರೆ ಟ್ಯಾಂಕಿಗೆ ಲೈಸೆನ್ಸ್ ಕೊಡೋ ಪೆಸೊಗೂ ಒಂದು ಪ್ರತಿ ಹಾಕಿ.

ಮಣ್ಣು ಅಗೆಯೋ ಮುಂಚೆಯೇ ಫೋಟೊ, ಲ್ಯಾಬ್ ವರದಿ, ಮಂಡಳಿಯ ಸ್ಥಳ ತಪಾಸಣೆ ಆಗಿರಲಿ. ಅಗೆದ ಮೇಲೆ ಸಾಕ್ಷಿ ಉಳಿಯೋದಿಲ್ಲ. ಬಾಯಿಮಾತಿನ ರಾಜಿಗೆ, ಎರಡು ಲೋಡು ಕೆಂಪು ಮಣ್ಣಿಗೆ ಸಹಿ ಹಾಕ್ಬೇಡಿ. ಪಕ್ಕದ ಜಮೀನಿನವರಿಗೂ ತಿಳಿಸಿ, ನೆಲದಡಿಯ ನೀರಿಗೆ ಬದು ಇರೋದಿಲ್ಲ.