ಉಚಿತ ವಿಜ್ಞಾನ ಪಾಠಗಳ ಜಮಾ-ಖರ್ಚು

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ನೆರವು ನೀಡುವುದು ಕರ್ನಾಟಕದ ವರ್ತಕರಿಗೂ ಉದ್ಯಮಿಗಳಿಗೂ ಹೊಸದಲ್ಲ. ಹಿಂದೆ ಕೊಠಡಿ, ಕುಡಿಯುವ ನೀರಿನ ತೊಟ್ಟಿ, ಬೆಂಚು-ಡೆಸ್ಕುಗಳ ರೂಪದಲ್ಲಿದ್ದ ದಾನವು ಈಗ ಗಣಕಯಂತ್ರ, ಪ್ರೊಜೆಕ್ಟರ್ ಮತ್ತು ಸ್ಮಾರ್ಟ್ ಬೋರ್ಡುಗಳ ರೂಪವನ್ನು ತಾಳಿದೆ. ವಿಜ್ಞಾನ ಮತ್ತು ಗಣಿತದ ಬೋಧನೆ ಉತ್ತಮಗೊಳ್ಳಬೇಕೆಂಬುದೇ ಇಂತಹ ದಾನದ ಹಿಂದಿರುವ ಸದುದ್ದೇಶ. ಆದರೆ ಇಲ್ಲಿ ಒಂದು ವಿಚಿತ್ರವಿದೆ. ಅಂತರಜಾಲದಲ್ಲಿ ದೊರೆಯುವ ವಿಜ್ಞಾನ ಪಾಠಗಳಲ್ಲಿ ಅತ್ಯುತ್ತಮವಾದ ಹಲವು ಸಂಪೂರ್ಣ ಉಚಿತವಾಗಿವೆ. ಸರಕು ಉಚಿತವಾಗಿರುವಾಗ ದಾನಿಯ ಹಣ ವ್ಯಯವಾಗಬೇಕಾದುದು ಯಾವುದರ ಮೇಲೆ? ಖರೀದಿಗೆ ಮುನ್ನ ಈ ಪ್ರಶ್ನೆಯನ್ನು ಕೇಳಿಕೊಂಡರೆ ಬಹಳಷ್ಟು ಹಣ ಉಳಿಯುತ್ತದೆ. ಉಳಿದ ಹಣ ಸರಿಯಾದ ಬಾಬ್ತಿಗೆ ಸಲ್ಲುತ್ತದೆ.

ಉಚಿತ ಸರಕಿನ ದಾಸ್ತಾನು

ಅಮೆರಿಕದ ಎಂ.ಐ.ಟಿ. ಸಂಸ್ಥೆಯು ತನ್ನ ಪಾಠ ಸಾಮಗ್ರಿಯನ್ನು ಜಗತ್ತಿಗೆಲ್ಲ ಉಚಿತವಾಗಿ ತೆರೆದಿಡುವುದಾಗಿ 2001ರಲ್ಲಿ ಘೋಷಿಸಿತು. ಅದೇ ವರ್ಷ ಭೌತವಿಜ್ಞಾನದ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡ ಕಾರ್ಲ್ ವೀಮನ್ ಅವರು 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 'ಫೆಟ್' ಯೋಜನೆಯನ್ನು ಸ್ಥಾಪಿಸಿದರು. ವಿದ್ಯುನ್ಮಂಡಲ, ಲೋಲಕ, ಅನಿಲಗಳ ಒತ್ತಡ, ಆಮ್ಲ-ಪ್ರತ್ಯಾಮ್ಲ ಮುಂತಾದ ವಿಷಯಗಳನ್ನು ಗಣಕಯಂತ್ರದ ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ಸಿಮ್ಯುಲೇಷನ್‌ಗಳು ಇದರಲ್ಲಿವೆ. ಅವುಗಳಲ್ಲಿ ಹಲವು ಕನ್ನಡದಲ್ಲಿಯೂ ಲಭ್ಯ.

ಭಾರತದ ಕೊಡುಗೆಯೂ ಕಡಿಮೆಯದಲ್ಲ. ಏಳು ಐ.ಐ.ಟಿ.ಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಟ್ಟುಗೂಡಿ 2003ರಲ್ಲಿ ಎನ್.ಪಿ.ಟಿ.ಇ.ಎಲ್. ಯೋಜನೆಯನ್ನು ಆರಂಭಿಸಿದವು. ಇದರ ಪಾಠಗಳನ್ನು ಕೇಳಲು ಶುಲ್ಕವಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ತೆತ್ತು ಪರೀಕ್ಷೆ ಬರೆಯಬೇಕು. 2009ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಆರಂಭವಾದ 'ವರ್ಚುವಲ್ ಲ್ಯಾಬ್ಸ್' ಯೋಜನೆಯಲ್ಲಿ ಸುರತ್ಕಲ್ಲಿನ ಎನ್.ಐ.ಟಿ.ಕೆ. ಸಹ ಪಾಲುದಾರ ಸಂಸ್ಥೆ. ಪ್ರೌಢಶಾಲೆ ಮತ್ತು ಪದವಿಪೂರ್ವ ಹಂತದ ಪ್ರಯೋಗಗಳಿಗಾಗಿ ಅಮೃತ ವಿಶ್ವವಿದ್ಯಾಪೀಠ ಹಾಗೂ ಮುಂಬಯಿಯ ಸಿ-ಡ್ಯಾಕ್ ಕೂಡಿ 'ಓಲ್ಯಾಬ್ಸ್' ರೂಪಿಸಿವೆ. ಖಾನ್ ಅಕಾಡೆಮಿಯ ಪಾಠಗಳು ಕನ್ನಡದಲ್ಲಿವೆ. ರಾಜ್ಯದ ಶಿಕ್ಷಕರೇ ಪಾಲ್ಗೊಂಡು ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವಿದೆ. 2017ರಲ್ಲಿ ಆರಂಭವಾದ ಕೇಂದ್ರದ 'ದೀಕ್ಷಾ' ವೇದಿಕೆಯ ಪಾಠಗಳನ್ನು ಪಠ್ಯಪುಸ್ತಕದಲ್ಲಿ ಮುದ್ರಿಸಿದ ಕ್ಯೂಆರ್ ಸಂಕೇತದ ಮೂಲಕವೇ ತೆರೆಯಬಹುದು.

ಉದ್ಯಮಿಗಳಿಗೆ ವಿಶೇಷವಾಗಿ ಹಿಡಿಸಬಹುದಾದ ಹೆಸರು ಅರವಿಂದ ಗುಪ್ತ ಅವರದು. ಕಾನ್ಪುರ ಐ.ಐ.ಟಿ.ಯಲ್ಲಿ ಓದಿ ಪುಣೆಯ ಟೆಲ್ಕೋದಲ್ಲಿ ಎಂಜಿನಿಯರ್ ಆಗಿದ್ದ ಅವರು 1978ರಲ್ಲಿ ರಜೆ ಪಡೆದು ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮಕ್ಕೆ ತೆರಳಿದರು. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆಯ ಬಾಟಲಿ ಮುಂತಾದವುಗಳಿಂದ ವಿಜ್ಞಾನದ ತತ್ತ್ವಗಳನ್ನು ತೋರಿಸುವ ಅವರ ಆಟಿಕೆಗಳು ಹಲವು ಭಾರತೀಯ ಭಾಷೆಗಳಲ್ಲಿ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಪರದೆಯ ಪ್ರಯೋಗದಿಂದ ಫಲವುಂಟೇ?

ಕೈಯಿಂದ ಮಾಡದ ಪ್ರಯೋಗ ಪ್ರಯೋಗವೇ ಅಲ್ಲವೆಂಬ ವಾದ ಕಾರ್ಖಾನೆಯ ಅನುಭವವುಳ್ಳವರಿಗೆ ಸಹಜವಾಗಿಯೇ ರುಚಿಸುತ್ತದೆ. ಆದರೆ 2005ರಲ್ಲಿ ಪ್ರಕಟವಾದ ಕೊಲರಾಡೊದ ಒಂದು ಅಧ್ಯಯನದ ಫಲಿತಾಂಶ ಚಿಂತನಾರ್ಹವಾಗಿದೆ. ಒಂದು ಗುಂಪಿನ ವಿದ್ಯಾರ್ಥಿಗಳಿಗೆ ನಿಜವಾದ ಬಲ್ಬು, ತಂತಿ, ರೋಧಕಗಳನ್ನೂ, ಇನ್ನೊಂದು ಗುಂಪಿಗೆ ಫೆಟ್‌ನ ವಿದ್ಯುನ್ಮಂಡಲದ ಸಿಮ್ಯುಲೇಷನ್ನನ್ನೂ ನೀಡಲಾಗಿತ್ತು. ಬಳಿಕ ಎರಡೂ ಗುಂಪುಗಳಿಗೆ ನಿಜವಾದ ಮಂಡಲವನ್ನೇ ಜೋಡಿಸಿ ಅದರ ಕಾರ್ಯವನ್ನು ವಿವರಿಸುವಂತೆ ಹೇಳಿದಾಗ, ಪರದೆಯ ಮೇಲೆ ಕಲಿತವರೇ ಮುಂದಿದ್ದರು. ವಿಷಯದ ಗ್ರಹಿಕೆಯಲ್ಲಿಯೂ ಅವರದೇ ಮೇಲುಗೈ.

ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ತಂತಿಯೊಳಗಿನ ವಿದ್ಯುತ್ ಪ್ರವಾಹ ಕಣ್ಣಿಗೆ ಕಾಣದು; ಪರದೆಯ ಮೇಲೆ ಎಲೆಕ್ಟ್ರಾನುಗಳ ಚಲನೆ ಕಾಣುತ್ತದೆ. ರೋಧವನ್ನು ಹೆಚ್ಚಿಸಿದೊಡನೆ ಅವುಗಳ ವೇಗ ಕುಗ್ಗುವುದು ಗೋಚರಿಸುತ್ತದೆ. ಬಲ್ಬು ಸುಡುವುದಿಲ್ಲ, ಸಡಿಲ ಜೋಡಣೆಯನ್ನು ಹುಡುಕುತ್ತ ತರಗತಿಯ ಅವಧಿ ಕಳೆಯುವುದಿಲ್ಲ.

ಆದರೂ ಮಿತಿಯನ್ನು ಮರೆಯಲಾಗದು. ವರ್ನಿಯರ್ ಕ್ಯಾಲಿಪರನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು, ಲೇತಿನ ಸದ್ದು ಬದಲಾದರೆ ಅದರ ಅರ್ಥವೇನು ಎಂಬುದನ್ನು ಪರದೆ ಕಲಿಸದು. ತತ್ತ್ವವನ್ನು ಪರದೆಯಿಂದ, ಹಸ್ತಕೌಶಲವನ್ನು ಉಪಕರಣದಿಂದ ಕಲಿಸುವುದೇ ಮಿತವ್ಯಯದ ಮಾರ್ಗ.

ಯಂತ್ರ ಕೊಟ್ಟ ಮಾತ್ರಕ್ಕೆ ಸಾಲದು

ಉಚಿತ ಸರಕಿದ್ದರೂ ಅದು ವಿದ್ಯಾರ್ಥಿಗೆ ತಲುಪುವ ದಾರಿ ಉಚಿತವಲ್ಲ. ಇದಕ್ಕೆ ದಕ್ಷಿಣ ಅಮೆರಿಕದ ಪೆರು ದೇಶ ಒಂದು ನಿದರ್ಶನ. ಅಲ್ಲಿನ ಸರ್ಕಾರ ಗ್ರಾಮೀಣ ಶಾಲಾ ಮಕ್ಕಳಿಗೆ ತಲಾ ಒಂದು ಲ್ಯಾಪ್‌ಟಾಪ್ ಹಂಚಿತು. 319 ಶಾಲೆಗಳನ್ನು ಪರಿಶೀಲಿಸಿದ ಇಂಟರ್-ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ 2012ರ ವರದಿಯು, ಮಕ್ಕಳ ಸಾಮಾನ್ಯ ಚಿಂತನಾ ಸಾಮರ್ಥ್ಯದಲ್ಲಿ ಕೊಂಚ ಸುಧಾರಣೆ ಕಂಡುಬಂದರೂ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಯಾವ ಪರಿಣಾಮವೂ ಕಾಣಲಿಲ್ಲವೆಂದು ತಿಳಿಸಿತು. ಆ ಶಾಲೆಗಳಲ್ಲಿ ಅಂತರಜಾಲ ಸಂಪರ್ಕವಿದ್ದುದು ತೀರ ವಿರಳ.

ಕೇರಳದ ಮಾರ್ಗ ಬೇರೆಯದು. ಅಲ್ಲಿನ ಐ.ಟಿ. ಅಟ್ ಸ್ಕೂಲ್ ಯೋಜನೆಯು ಸ್ವತಂತ್ರ ತಂತ್ರಾಂಶವನ್ನು ಆರಿಸಿಕೊಂಡು, ಶಾಲಾ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಮಾಡಿ, ಗಣಕಯಂತ್ರದ ಜೊತೆಗೆ ಅದನ್ನು ಬಳಸಬಲ್ಲ ಶಿಕ್ಷಕವರ್ಗವನ್ನೂ ಬೆಳೆಸಿತು. ಪೆರುವಿನ ಹಣ ಮುಖ್ಯವಾಗಿ ಯಂತ್ರಕ್ಕೆ ಹೋಯಿತು. ಕೇರಳದಲ್ಲಿ ಮನುಷ್ಯರಿಗೂ ಸಂದಿತು.

ಪಾಠಗಳಿಗೂ ಆಯುಷ್ಯವುಂಟು ಎಂಬುದನ್ನು ನೆನಪಿಡಬೇಕು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆಯು ಫ್ಲ್ಯಾಶ್ ತಂತ್ರಾಂಶಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿದಾಗ, ಅದನ್ನೇ ನೆಚ್ಚಿದ್ದ ಅಸಂಖ್ಯ ಪಾಠಗಳು ಬ್ರೌಸರಿನಲ್ಲಿ ತೆರೆಯದಾದವು. ಫೆಟ್ ತನ್ನ ಹಳೆಯ ಸಿಮ್ಯುಲೇಷನ್‌ಗಳಲ್ಲಿ ಹಲವನ್ನು ಹೊಸ ತಂತ್ರಜ್ಞಾನದಲ್ಲಿ ಪುನಃ ರೂಪಿಸಿತು. ಅವನ್ನು ಒಮ್ಮೆ ಇಳಿಸಿಕೊಂಡರೆ ಸಂಪರ್ಕವಿಲ್ಲದೆಯೂ ಬಳಸಬಹುದು.

ಯಂತ್ರ-ಗಂಟೆ ದರದ ಲೆಕ್ಕ

ಸಣ್ಣ ಉದ್ಯಮಿಗಳೆಲ್ಲರಿಗೂ ಯಂತ್ರ-ಗಂಟೆ ದರದ ಪರಿಚಯವಿದೆ. ಅದೇ ಅಳತೆಗೋಲನ್ನು ದಾನಕ್ಕೂ ಅನ್ವಯಿಸಬಹುದು. ಉದಾಹರಣೆಗೆ, ತಲಾ ರೂ. 40,000 ಬೆಲೆಯ ಹತ್ತು ಗಣಕಯಂತ್ರಗಳನ್ನು ಒಂದು ಶಾಲೆಗೆ ನೀಡಲಾಯಿತೆಂದು ಭಾವಿಸೋಣ. ಒಟ್ಟು ವೆಚ್ಚ ರೂ. 4 ಲಕ್ಷ. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯು ಇಂತಹ ಗಣಕಯಂತ್ರಗಳ ಉಪಯುಕ್ತ ಆಯುಷ್ಯವನ್ನು ಮೂರು ವರ್ಷವೆಂದು ಗುರುತಿಸುತ್ತದೆ. ಆ ಪ್ರಕಾರ ವಾರ್ಷಿಕ ವೆಚ್ಚ ಸುಮಾರು ರೂ. 1,33,333.

ವರ್ಷಕ್ಕೆ 30 ಬೋಧನಾ ವಾರಗಳೆಂದು ಹಿಡಿದು, ಶಿಕ್ಷಕರಿಗೆ ತರಬೇತಿಯಿಲ್ಲದೆ ಕೊಠಡಿ ವಾರಕ್ಕೊಂದೇ ಅವಧಿ ತೆರೆದರೆ, ಪ್ರತಿ ಅವಧಿಗೆ ಬೀಳುವ ವೆಚ್ಚ ಸುಮಾರು ರೂ. 4,444. ಈಗ ಶಿಕ್ಷಕರ ತರಬೇತಿ, ಯು.ಪಿ.ಎಸ್. ಬ್ಯಾಟರಿ, ದುರಸ್ತಿ ಮತ್ತು ಅಂತರಜಾಲಕ್ಕಾಗಿ ವರ್ಷಕ್ಕೆ ಇನ್ನೂ ರೂ. 60,000 ನೀಡಿದರೆ ವಾರ್ಷಿಕ ವೆಚ್ಚ ರೂ. 1,93,333 ಆಗುತ್ತದೆ. ಇದರಿಂದ ಕೊಠಡಿ ವಾರಕ್ಕೆ ಐದು ಅವಧಿ, ಅಂದರೆ ವರ್ಷಕ್ಕೆ 150 ಅವಧಿ ನಡೆದರೆ, ಪ್ರತಿ ಅವಧಿಯ ವೆಚ್ಚ ಸುಮಾರು ರೂ. 1,289ಕ್ಕೆ ಇಳಿಯುತ್ತದೆ. ಹೆಚ್ಚು ಕೊಟ್ಟ ದಾನಿಗೆ ಪಾಠ ಅಗ್ಗವಾಗಿ ದೊರೆಯಿತು. ಬಂಡವಾಳ ವೆಚ್ಚಕ್ಕೆ ಉದಾರವಾಗಿದ್ದು ಆವರ್ತಕ ವೆಚ್ಚಕ್ಕೆ ಕೈ ಬಿಗಿಹಿಡಿಯುವವರು ಅರಿಯಬೇಕಾದ ಸತ್ಯ ಇದೇ.

ಕಾನೂನು ನೀಡುವ ಅವಕಾಶ

2013ರ ಕಂಪನಿ ಕಾಯ್ದೆಯ 135ನೆಯ ಕಲಂ ಸಾಮಾಜಿಕ ಹೊಣೆಗಾರಿಕೆಯ ವೆಚ್ಚವನ್ನು ದೊಡ್ಡ ಕಂಪನಿಗಳಿಗೆ ಕಡ್ಡಾಯಗೊಳಿಸಿತು. ಏಳನೆಯ ಅನುಸೂಚಿಯಲ್ಲಿ ಶಿಕ್ಷಣಕ್ಕೆ ಸ್ಥಾನವಿದೆ. 2021ರ ಜನವರಿಯ ತಿದ್ದುಪಡಿ ನಿಯಮಗಳು 'ಚಾಲ್ತಿ ಯೋಜನೆ'ಯ ವ್ಯಾಖ್ಯೆಯನ್ನು ನೀಡಿ, ಯೋಜನೆ ಆರಂಭವಾದ ವರ್ಷವನ್ನು ಬಿಟ್ಟು ಮುಂದಿನ ಮೂರು ವರ್ಷಗಳವರೆಗೆ ವೆಚ್ಚ ಮಾಡಲು ಅವಕಾಶ ಕಲ್ಪಿಸಿದವು. ಮಾರ್ಚ್ ಕೊನೆಯ ವಾರದಲ್ಲಿ ತರಾತುರಿಯಿಂದ ಪ್ರೊಜೆಕ್ಟರ್ ಕೊಂಡು ಲೆಕ್ಕ ಮುಗಿಸುವ ಅಗತ್ಯವಿಲ್ಲ. ಅದೇ ಹಣದಿಂದ ತರಬೇತಿ ಮತ್ತು ನಿರ್ವಹಣೆಯನ್ನು ಬಹುವರ್ಷದ ಯೋಜನೆಯಾಗಿ ರೂಪಿಸಬಹುದು. ಆದರೆ ಕಂಪನಿಯ ಸ್ವಂತ ನೌಕರರಿಗೆ ಅನುಕೂಲವಾಗುವ ಚಟುವಟಿಕೆ ಈ ಲೆಕ್ಕಕ್ಕೆ ಸೇರದು.

ಸಣ್ಣ ಸಂಸ್ಥೆಗಳಲ್ಲಿ ಬಹುಪಾಲು ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ. ಅವರ ದಾನ ಸ್ವಇಚ್ಛೆಯದು. ಆದ್ದರಿಂದಲೇ ಅದರ ಪ್ರತಿಯೊಂದು ರೂಪಾಯಿಗೂ ಇನ್ನಷ್ಟು ಎಚ್ಚರ ಬೇಕು.

ಕಾರ್ಖಾನೆಯ ಒಳಗೆ

ಉಚಿತ ಪಾಠಗಳ ಪ್ರಯೋಜನ ಶಾಲೆಗಷ್ಟೇ ಸೀಮಿತವಲ್ಲ. 2019ರ ತಿದ್ದುಪಡಿ ನಿಯಮಗಳು 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದನ್ನು ಕಡ್ಡಾಯಗೊಳಿಸಿದವು. ಐ.ಟಿ.ಐ. ಮುಗಿಸಿ ಬರುವ ಯುವಕರಿಗೆ ಓಮ್‌ನ ನಿಯಮವೋ ಲೋಹದ ಉಷ್ಣ ವಿಕಾಸವೋ ಬಾಯಿಪಾಠವಾಗಿದ್ದು, ಅರ್ಥವಾಗಿರದಿರುವುದುಂಟು. ಅದರ ಬೆಲೆಯನ್ನು ತಿರಸ್ಕೃತ ಬಿಡಿಭಾಗಗಳ ರೂಪದಲ್ಲಿ ಕಾರ್ಖಾನೆಯೇ ತೆರಬೇಕಾಗುತ್ತದೆ. ಬಿಸಿಯಿರುವಾಗಲೇ ಅಳೆದ ಶಾಫ್ಟು ತಣ್ಣಗಾದ ಮೇಲೆ ಅಳತೆ ತಪ್ಪುವುದೇಕೆಂದು ತಿಳಿದವನು ಆ ತಪ್ಪನ್ನು ಮತ್ತೆ ಮಾಡಲಾರ.

ವಾರಕ್ಕೊಂದು ಗಂಟೆ, ಒಂದು ಹಳೆಯ ಗಣಕಯಂತ್ರ, ವಿವರಿಸಿ ಹೇಳಬಲ್ಲ ಒಬ್ಬ ಹಿರಿಯ ಮೇಸ್ತ್ರಿ - ಇಷ್ಟಿದ್ದರೆ ಇಂತಹ ತರಗತಿಯನ್ನು ಆರಂಭಿಸಬಹುದು. ಐ.ಟಿ.ಐ. ವೃತ್ತಿಗಳ ಪಾಠಗಳು ಕೇಂದ್ರದ 'ಭಾರತ್ ಸ್ಕಿಲ್ಸ್' ತಾಣದಲ್ಲಿವೆ. ಮೇಲ್ವಿಚಾರಕರಿಗೆ ಎನ್.ಪಿ.ಟಿ.ಇ.ಎಲ್. ಪರೀಕ್ಷಾ ಶುಲ್ಕವನ್ನು ಸಂಸ್ಥೆಯೇ ಭರಿಸಿದರೆ ಅದು ಅತಿ ಕಡಿಮೆ ವೆಚ್ಚದ ತರಬೇತಿಯಾಗುತ್ತದೆ.

ಚೆಕ್ಕಿಗೆ ಸಹಿ ಮಾಡುವ ಮುನ್ನ

ದಾನಿಗಳು ಶಾಲೆಯ ಮುಖ್ಯೋಪಾಧ್ಯಾಯರೊಡನೆ ಕುಳಿತು ಈ ಕೆಳಗಿನ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು:

1. ಮಾರಾಟಗಾರರು ಹಣಕ್ಕೆ ನೀಡುತ್ತಿರುವ ಪಾಠಗಳು ಬೇರೆಡೆ ಉಚಿತವಾಗಿ ಲಭ್ಯವಿವೆಯೇ?

2. ಪಾಠಗಳು ಕನ್ನಡದಲ್ಲಿ, ಸಂಪರ್ಕವಿಲ್ಲದಿದ್ದಾಗಲೂ ನಡೆಯುತ್ತವೆಯೇ?

3. ಶಾಲೆಯಲ್ಲಿ ಇರುವ ಗಣಕಯಂತ್ರಗಳಲ್ಲಿ ಎಷ್ಟು ಕೆಟ್ಟಿವೆ? ಹೊಸದನ್ನು ಕೊಳ್ಳುವ ಬದಲು ದುರಸ್ತಿ ಸಾಧ್ಯವೇ?

4. ಕನಿಷ್ಠ ಇಬ್ಬರು ಶಿಕ್ಷಕರಿಗೆ ತರಬೇತಿ ದೊರೆಯುವುದೇ? ಒಬ್ಬರು ವರ್ಗಾವಣೆಯಾದರೂ ಕೆಲಸ ನಿಲ್ಲಬಾರದು.

5. ಮೂರು ವರ್ಷಗಳ ನಿರ್ವಹಣಾ ವೆಚ್ಚವನ್ನು ಮೊದಲೇ ತೆಗೆದಿರಿಸಲಾಗಿದೆಯೇ?

6. ಕೊಠಡಿ ತೆರೆದ ಅವಧಿಗಳನ್ನು ದಾಖಲಿಸುವ ಪುಸ್ತಕವಿದೆಯೇ?

ಕೊನೆಯ ಅಂಶ ಅತಿ ಸಣ್ಣದಾಗಿ ಕಂಡರೂ ಅತಿ ಮುಖ್ಯವಾದುದು. ಉಗ್ರಾಣದ ದಾಸ್ತಾನು ಪುಸ್ತಕವಿಲ್ಲದೆ ಯಾವ ವರ್ತಕನೂ ವ್ಯಾಪಾರ ಮಾಡುವುದಿಲ್ಲ. ತಾನು ಕೊಟ್ಟ ಯಂತ್ರ ವರ್ಷದಲ್ಲಿ ಎಷ್ಟು ಅವಧಿ ನಡೆಯಿತೆಂದು ಕೇಳುವ ಹಕ್ಕು ದಾನಿಗಿದೆ. ಉತ್ತರ ತೃಪ್ತಿಕರವಾಗಿರದಿದ್ದರೆ ಮುಂದಿನ ವರ್ಷದ ಹಣವನ್ನು ಹೊಸ ಪರದೆಗೆ ನೀಡದೆ ಶಿಕ್ಷಕರ ತರಬೇತಿಗೆ ನೀಡುವುದು ಲೇಸು.