ದೂರಕ್ಕಿಂತ ಕಾಯುವಿಕೆಯೇ ದುಬಾರಿ

ಕೆನಡಾದ ಉತ್ತರ ತುದಿಯ ನುನಾವುಟ್ ಪ್ರದೇಶದಲ್ಲಿರುವ 25 ಊರುಗಳನ್ನು ಪರಸ್ಪರ ಜೋಡಿಸುವ ರಸ್ತೆಗಳಿಲ್ಲ. ಅಲ್ಲಿನ ರೆಸಲ್ಯೂಟ್‌ನಿಂದ ಗ್ರೀಸ್ ಫಿಯೋರ್ಡ್‌ಗೆ ವಾಯುಮಾರ್ಗದ ದೂರ ಸುಮಾರು 385 ಕಿ.ಮೀ.; ಟ್ವಿನ್ ಆಟರ್ ಎಂಬ ಸಣ್ಣ ವಿಮಾನಕ್ಕೆ ಸುಮಾರು ಒಂದೂವರೆ ಗಂಟೆಯ ಹಾದಿ. ಮಂಜು, ಬಿರುಗಾಳಿ ಎದುರಾದರೆ ಅದೇ ಹಾದಿಗೆ ದಿನಗಟ್ಟಲೆ ಕಾಯಬೇಕಾಗುತ್ತದೆ.

ಗ್ರೀಸ್ ಫಿಯೋರ್ಡ್‌ಗೆ ಸರಕಿನ ಹಡಗು ಬರುವುದು ಬೇಸಿಗೆಯ ಕೊನೆಗೆ, ವರ್ಷಕ್ಕೊಮ್ಮೆ. ಆದ್ದರಿಂದ ಭಾರವಾದ ಸರಕನ್ನು ಇಡೀ ವರ್ಷಕ್ಕಾಗುವಷ್ಟು ಒಮ್ಮೆಲೇ ತರಿಸಬೇಕು. ಬಂಡವಾಳವು ದಾಸ್ತಾನಿನಲ್ಲಿ ಸಿಲುಕುತ್ತದೆ. ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಬೇಗ ಕೆಡುವ ತರಕಾರಿಗೆ ವಿಮಾನವೇ ಗತಿ. ಈ ಹೊರೆಯನ್ನು ತಗ್ಗಿಸಲು ಕೆನಡಾ ಸರ್ಕಾರವು 2011ರಲ್ಲಿ ‘ನ್ಯೂಟ್ರಿಷನ್ ನಾರ್ತ್’ ಸಹಾಯಧನ ಯೋಜನೆಯನ್ನು ಆರಂಭಿಸಿತು.

ಅಸಲು ಬೆಲೆಯನ್ನು ನಿಗದಿಪಡಿಸುವಾಗ ವರ್ತಕರು ಸಾಗಣೆ ಬಾಡಿಗೆಯೊಡನೆ, ಸರಕು ತಂಗಿದ ದಿನಗಳ ಬಡ್ಡಿಯನ್ನೂ ಸೇರಿಸಿಕೊಳ್ಳುವುದು ಲೇಸು.