ಲಂಡನ್–ಪ್ಯಾರಿಸ್: ಹಾರುವ ಹೊತ್ತು, ತಲುಪುವ ಹೊತ್ತು

ಒಂದೂರಿನಿಂದ ಮತ್ತೊಂದೂರಿಗೆ ಬೇಗನೆ ತಲುಪುವ ಬಗೆ ಯಾವುದೆಂದು ಕೇಳಿದರೆ, ವಿಮಾನವೆಂದು ಉತ್ತರಿಸುವವರೇ ಹೆಚ್ಚು. ಈ ಉತ್ತರವು ಸರ್ವದಾ ಸತ್ಯವಲ್ಲವೆಂಬುದಕ್ಕೆ ಯುರೋಪಿನ ಎರಡು ರಾಜಧಾನಿಗಳ ನಡುವಣ ದಾರಿಯೇ ನಿದರ್ಶನ.

ಲಂಡನ್ ಮತ್ತು ಪ್ಯಾರಿಸ್ ನಗರಗಳ ನಡುವಿನ ನೇರ ಅಂತರ ಸುಮಾರು 344 ಕಿಲೋಮೀಟರು. ಮಧ್ಯದಲ್ಲಿ ಇಂಗ್ಲಿಷ್ ಕಡಲ್ಗಾಲುವೆ ಅಡ್ಡವಾಗಿದೆ. 1909ರ ಜುಲೈ 25ರಂದು ಫ್ರಾನ್ಸಿನ ಲೂಯಿ ಬ್ಲೇರಿಯೊ ತನ್ನ ಪುಟ್ಟ ವಿಮಾನದಲ್ಲಿ ಈ ಕಡಲನ್ನು ಸುಮಾರು 36 ನಿಮಿಷಗಳಲ್ಲಿ ದಾಟಿ ಜಗತ್ತನ್ನೇ ಬೆರಗುಗೊಳಿಸಿದನು. ಅನಂತರ ಹತ್ತೇ ವರ್ಷಗಳಲ್ಲಿ, 1919ರ ಆಗಸ್ಟ್ 25ರಂದು, ಈ ಎರಡು ನಗರಗಳ ನಡುವೆ ದಿನಂಪ್ರತಿಯ ವಿಮಾನ ಸಂಚಾರವು ಆರಂಭವಾಯಿತು. ಅಂದು ತಗುಲಿದ ಕಾಲ ಸುಮಾರು ಎರಡೂವರೆ ಗಂಟೆ.

ಇಂದು ವೇಳಾಪಟ್ಟಿಯಲ್ಲಿ ಕಾಣುವ ಅವಧಿ ಸುಮಾರು ಒಂದೂಕಾಲು ಗಂಟೆ. ಅದರಲ್ಲಿಯೂ ವಿಮಾನವು ನೆಲದ ಮೇಲೆ ಸಾಗುವ ಹೊತ್ತನ್ನು ಕಳೆದರೆ, ಆಕಾಶದಲ್ಲಿರುವುದು ಒಂದು ಗಂಟೆಗೂ ಕಡಿಮೆಯೇ.

ಇಲ್ಲಿ ಗಡಿಯಾರವೂ ನಮ್ಮನ್ನು ತಬ್ಬಿಬ್ಬುಗೊಳಿಸುತ್ತದೆ. ಪ್ಯಾರಿಸ್ಸಿನ ಗಡಿಯಾರವು ಲಂಡನ್ನಿಗಿಂತ ಒಂದು ಗಂಟೆ ಮುಂದಿದೆ. ಲಂಡನ್ನಿನಿಂದ ಬೆಳಿಗ್ಗೆ 10ಕ್ಕೆ ಹೊರಟವನು ಇಳಿಯುವಾಗ ಅಲ್ಲಿ 12.15, ಮರಳಿ ಬರುವಾಗ 10ಕ್ಕೆ ಹೊರಟರೆ ಲಂಡನ್ನಿನಲ್ಲಿ 10.15 ಮಾತ್ರ. ಎರಡು ಸಲವೂ ಸಂದ ಕಾಲ ಒಂದೇ. ಮುಂದಿನ ವಿಮಾನ ಹಿಡಿಯಬೇಕಾದ ಪ್ರಯಾಣಿಕರು ಇದನ್ನು ಮರೆಯಬಾರದು.

ಆದರೆ ಹಾರುವ ಹೊತ್ತು ಬೇರೆ, ತಲುಪುವ ಹೊತ್ತು ಬೇರೆ. ಲಂಡನ್ನಿನ ಹೀಥ್ರೊ, ಪ್ಯಾರಿಸ್ಸಿನ ಷಾರ್ಲ್ ದ ಗಾಲ್, ಇವೆರಡೂ ಊರ ನಡುವಿನಿಂದ ಇಪ್ಪತ್ತು ಕಿಲೋಮೀಟರಿಗೂ ದೂರದಲ್ಲಿವೆ. ಅಲ್ಲಿಗೆ ಹೋಗಬೇಕು; ಸುಮಾರು ಎರಡು ಗಂಟೆ ಮೊದಲೇ ಹಾಜರಿರಬೇಕು; ತಪಾಸಣೆಗೆ ನಿಲ್ಲಬೇಕು; ಇಳಿದ ಮೇಲೆ ಗಂಟುಮೂಟೆಗಾಗಿ ಕಾದು, ಮತ್ತೆ ಊರೊಳಕ್ಕೆ ಸಾಗಬೇಕು. ಎಲ್ಲವನ್ನೂ ಕೂಡಿಸಿದರೆ ಒಂದೂಕಾಲು ಗಂಟೆಯ ಹಾರಾಟವು ಐದು ಗಂಟೆಗಳ ಪ್ರಯಾಣವಾಗುವುದುಂಟು.

1994ರ ಮೇ 6ರಂದು ಉದ್ಘಾಟನೆಗೊಂಡ ಕಡಲಡಿಯ ಸುರಂಗವು ಈ ಲೆಕ್ಕವನ್ನು ಬದಲಿಸಿತು. ಸುಮಾರು 50 ಕಿಲೋಮೀಟರು ಉದ್ದದ ಈ ಸುರಂಗದ 38 ಕಿಲೋಮೀಟರು ಸಮುದ್ರದ ತಳದಲ್ಲಿದೆ. ಗಂಟೆಗೆ 300 ಕಿಲೋಮೀಟರು ವೇಗದವರೆಗೂ ಓಡುವ ರೈಲು ಈ ಮಾರ್ಗವಾಗಿ ಎರಡೂಕಾಲು ಗಂಟೆಗಳ ಆಸುಪಾಸಿನಲ್ಲಿ ನಗರದೊಳಗಿನಿಂದ ನಗರದೊಳಕ್ಕೇ ಒಯ್ಯುತ್ತದೆ. ಇಲ್ಲಿಯೂ ರಹದಾರಿಯ ತಪಾಸಣೆಗೆ ಮುಂಚಿತವಾಗಿ ಹೋಗಬೇಕಾದರೂ ಒಟ್ಟು ಹೊತ್ತಿನಲ್ಲಿ ರೈಲೇ ಮುಂದು. ಅದು ವಾತಾವರಣಕ್ಕೆ ಉಗುಳುವ ಇಂಗಾಲವೂ ವಿಮಾನಕ್ಕಿಂತ ಬಹಳ ಕಡಿಮೆ. ಈ ವಿವೇಚನೆಯಿಂದಲೇ ಫ್ರಾನ್ಸ್ ದೇಶವು, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ತನ್ನ ಒಳನಾಡಿನ ಕೆಲವು ವಿಮಾನಮಾರ್ಗಗಳನ್ನು 2023ರಲ್ಲಿ ನಿಷೇಧಿಸಿತು.

ಆದುದರಿಂದ ಪ್ರಯಾಣವನ್ನು ಅಳೆಯಬೇಕಾದುದು ವಾಹನದ ವೇಗದಿಂದಲ್ಲ. ಮನೆಯ ಹೊಸ್ತಿಲಿನಿಂದ ಸೇರಬೇಕಾದ ಹೊಸ್ತಿಲಿನವರೆಗೆ ಸಲ್ಲುವ ಕಾಲದಿಂದ. ಮೇಲೆ ಹಾರಿದವನೇ ಮೊದಲು ಮುಟ್ಟುತ್ತಾನೆಂಬ ನಿಯಮವಿಲ್ಲ.